ಅತ್ತಾಯ್ತು, ಆಮೇಲೆ?

ಭೋಪಾಲ್ ಅನಿಲ ದುರಂತದ ಡಾಕ್ಯುಮೆಂಟರಿ ನೋಡ್ತಾ ನಾನು ಅತ್ತೆ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ವಿಷ ಸಾವಿರಾರು ಜನರನ್ನು ಕೊಂದಿತು. ಅತ್ತ ಮೇಲೆ ಮನಸ್ಸು ಹಗುರವಾಯ್ತು, ಯಾವುದೋ ಸಾಲ ತೀರಿಸಿದ ಹಾಗೆ.

ಇಲ್ಲಿ ಅಮೆರಿಕದಲ್ಲೇ ಹುಟ್ಟಿದ ಮಗಳು ಅಳಲಿಲ್ಲ. "ಆ ಜಾಗ ಕ್ಲೀನ್ ಮಾಡಿದ್ರಾ ಅಮ್ಮ?" ಅಂತ ಕೇಳಿದಳು.

ಹುಡುಕಿ ನೋಡಿದೆ. ಕಾರ್ಖಾನೆಯಲ್ಲಿ ಬಿದ್ದಿದ್ದ 337 ಟನ್ ವಿಷತ್ಯಾಜ್ಯವನ್ನು ಊರಾಚೆ ಸಾಗಿಸಿದ್ದು 2025ರ ಜನವರಿಯಲ್ಲಿ, 40 ವರ್ಷ ಕಳೆದ ಮೇಲೆ. ಕಂಪನಿಯ ಮುಖ್ಯಸ್ಥರಾಗಿದ್ದ ವಾರನ್ ಆಂಡರ್ಸನ್ ಭಾರತದಲ್ಲಿ ವಿಚಾರಣೆ ಎದುರಿಸದೆಯೇ 2014ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು.

ಕರುಣೆ ಬೇಕು. ಆದ್ರೆ ಕಣ್ಣೀರು ಬಂದ ಕೂಡಲೇ ಕರ್ತವ್ಯ ಮುಗೀತು ಅನ್ಸುತ್ತಲ್ಲ, ಅಪಾಯ ಇರೋದು ಅಲ್ಲೇ. ಭೋಪಾಲಿನ ಜನಕ್ಕೆ ನನ್ನ ಅಳುವಿಗಿಂತ ಮಗಳ ಪ್ರಶ್ನೆಯೇ ಹೆಚ್ಚು ಹತ್ತಿರ.