ಕಿರೀಟದ ಕೆಳಗಿನ ಸಂಕಟ

1970ರ ದಶಕದ ಹೊಸದಿಲ್ಲಿ ರೈಲು ನಿಲ್ದಾಣ. ಗಾಡಿಗೆ ಕಾದವರೆಲ್ಲ ಗಾಡಿ ಬಂದೊಡನೆ ಎದ್ದು ಹೋಗುತ್ತಿದ್ದರು. ಅಲ್ಲಿನ ವೇಟಿಂಗ್ ರೂಮಿನಲ್ಲಿ ಒಬ್ಬ ತಾಯಿ, ಮಗಳು, ಮಗ ಮಾತ್ರ ವರ್ಷಗಟ್ಟಲೆ ಕೂತೇ ಇದ್ದರು. ಜೊತೆಗೆ ರತ್ನಗಂಬಳಿ, ಆಳುಗಳು, ನಾಯಿಗಳು. ಆಕೆಯ ಹೆಸರು ಬೇಗಂ ವಿಲಾಯತ್ ಮಹಲ್. ಅವಧದ ಕೊನೆಯ ನವಾಬ ವಾಜಿದ್ ಅಲಿ ಶಾಹನ ವಂಶಕ್ಕೆ ತಾನೇ ವಾರಸುದಾರಳು, 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಸಿದುಕೊಂಡದ್ದನ್ನು ಹಿಂದಿರುಗಿಸಿ ಎಂಬುದು ಆಕೆಯ ಹಠ.

ಕಲ್ಕತ್ತೆಯಲ್ಲಿದ್ದ ನವಾಬನ ವಂಶದವರು ಇದನ್ನು ಒಪ್ಪಲಿಲ್ಲ. ಆದರೂ 1985ರಲ್ಲಿ ಆ ಮೂವರೂ ಸರ್ಕಾರ ಕೊಟ್ಟ ಮಾಲ್ಚಾ ಮಹಲ್‌ಗೆ ಹೋದರು. ದಿಲ್ಲಿಯ ಕಾಡಿನೊಳಗೆ ತುಘಲಕರ ಕಾಲದ ಪಾಳು ಬೇಟೆಮನೆ ಅದು. ಕರೆಂಟಿಲ್ಲ, ನಲ್ಲಿಯಿಲ್ಲ. 1993ರಲ್ಲಿ ತಾಯಿ ತೀರಿಕೊಂಡರು. 2017ರಲ್ಲಿ, ಅದೇ ಗೋಡೆಗಳ ನಡುವೆ, ಮಗ ಒಬ್ಬಂಟಿಯಾಗಿ.

2019ರಲ್ಲಿ ಪತ್ರಕರ್ತೆಯೊಬ್ಬರು ಹುಡುಕಿ ತೆಗೆದ ಸಂಗತಿ ಬೇರೆಯಾಗಿತ್ತು. ವಿಲಾಯತ್ ಲಖನೌ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಒಬ್ಬರ ಹೆಂಡತಿ. ದೇಶ ಇಬ್ಭಾಗವಾದಾಗ ಮನೆಮಠ ಬಿಟ್ಟು ಪಾಕಿಸ್ತಾನಕ್ಕೆ ಹೋದವರು, ಅಲ್ಲಿ ಗಂಡನನ್ನು ಕಳೆದುಕೊಂಡು, ಮಕ್ಕಳನ್ನು ಕಟ್ಟಿಕೊಂಡು ಮರಳಿದವರು.

ಓದಿದಾಗ ‘ಹಾಗಾದರೆ ಎಲ್ಲವೂ ಸುಳ್ಳು’ ಎಂದುಕೊಂಡೆ. ಆಮೇಲೆ ಮನಸ್ಸು ತಡೆಯಿತು. ರಾಜ್ಯ ಹೋದದ್ದು ಸುಳ್ಳಿರಬಹುದು, ಮನೆ ಹೋದದ್ದು ನಿಜವಲ್ಲವೇ? ಮನೆ ಕಳೆದುಕೊಂಡವರು ಆಗ ಲಕ್ಷಾಂತರ. ನನ್ನ ಮನೆ ಹೋಯಿತು ಎಂದಿದ್ದರೆ ಯಾರು ತಿರುಗಿ ನೋಡುತ್ತಿದ್ದರು? ರಾಜ್ಯ ಹೋಯಿತು ಎಂದಾಗ ಅಧಿಕಾರಿಗಳು ಬಂದರು, ಪತ್ರಿಕೆಯವರು ಬಂದರು. ಸಂಕಟ ಕಿರೀಟ ತೊಟ್ಟು ಬಂದ ಮೇಲೆಯೇ ಲೋಕ ಅದಕ್ಕೆ ಕಿವಿಗೊಟ್ಟಿತು. ಆ ಕಿರೀಟದ ಭಾರಕ್ಕೆ ಮಕ್ಕಳಿಬ್ಬರ ಬದುಕೂ ಸವೆದುಹೋಯಿತು. ಅದು ಸಣ್ಣ ತಪ್ಪೇನಲ್ಲ. ಆದರೆ ಕಿವಿಗೊಡದ ನಮಗೂ ಅದರಲ್ಲಿ ಪಾಲಿದೆ.

ನಮ್ಮ ಮನೆಯ ಮೂಲೆಯಲ್ಲೂ ಅಜ್ಜಿಯೊಬ್ಬರು ಕೂತು, “ಆ ಕಾಲಕ್ಕೆ ನಮ್ಮದು ಹನ್ನೆರಡು ಅಂಕಣದ ಮನೆ” ಎನ್ನುತ್ತಿರಬಹುದು. ಅದು ನಾಲ್ಕೇ ಅಂಕಣದ್ದೆಂದು ನಮಗೆ ಗೊತ್ತಿರುತ್ತದೆ. ಇವತ್ತೊಂದು ದಿನ ಅಂಕಣ ಎಣಿಸುವುದು ಬೇಡ. ಪಕ್ಕದಲ್ಲಿ ಕೂತು ಕೇಳೋಣ: “ಅಡುಗೆಮನೆ ಯಾವ ಕಡೆಗಿತ್ತು, ಅಜ್ಜಿ?”