‘ಒಲ್ಲೆ’ ಎನ್ನುವವನ ಮುಂದೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಅಡಿಕೆ ತೋಟದ ಮನೆಯಲ್ಲಿ ಹಿಸ್ಸೆಯ ವಿಷಯ ಎದ್ದಿತೆಂದರೆ ಮೊದಲು ನಿಲ್ಲುವುದು ಅಣ್ಣತಮ್ಮಂದಿರ ಮಾತುಕತೆ. ತೋಟ ಯಾರಿಗೆ ಎಷ್ಟು, ಸೊಪ್ಪಿನ ಬೆಟ್ಟ ಹೇಗೆ ಹಂಚುವುದು, ಮೇಲಿನಿಂದ ಬರುವ ನೀರು ಮೊದಲು ಯಾರ ತೋಟಕ್ಕೆ, ವಯಸ್ಸಾದ ತಾಯಿ ಯಾರ ಮನೆಯಲ್ಲಿ? ನಿನ್ನೆಯವರೆಗೆ ಒಂದೇ ಪಂಕ್ತಿಯಲ್ಲಿ ಉಂಡವರು ಮುಖ ನೋಡದೆ ಎದ್ದುಹೋಗುತ್ತಾರೆ. ಆಗ ಸೋದರಮಾವನೊಬ್ಬ ಬಂದು ಜಗಲಿಯಲ್ಲಿ ಕೂರುತ್ತಾನೆ. ತೀರ್ಪು ಕೊಡುವ ಅಧಿಕಾರ ಅವನಿಗಿಲ್ಲ, ಇರುವುದು ಬಾಯಿಮಾತೊಂದೇ. ಎಕರೆ ಗುಂಟೆ ಹಿಡಿದು, ಅಣ್ಣ ಹಾಕಿದ ಲೆಕ್ಕದಲ್ಲಿ ಮೋಸವಿಲ್ಲವೆಂದು ವಿವರಿಸುತ್ತಾನೆ. ತಮ್ಮ ಕವಳದ ಹರಿವಾಣವನ್ನು ಆಚೆ ಸರಿಸಿ ಹೇಳುತ್ತಾನೆ: “ತೋಟ ಎಷ್ಟು ಬಂತು ಅನ್ನೋದಲ್ಲ ಮಾವ. ಅಣ್ಣ ನನ್ನ ಒಂದು ಮಾತು ಕೇಳ್ಲಿಲ್ಲ.” ಮಾವ ಎಲೆಗೆ ಸುಣ್ಣ ಹಚ್ಚುತ್ತ ಸುಮ್ಮನಾಗುತ್ತಾನೆ. ಅವನ ಕೆಲಸ ನಿಜವಾಗಿ ಶುರುವಾಗುವುದು ಅಲ್ಲಿಂದ.

ಮನವೊಲಿಸುವುದು ಎಂದರೇನು? ಬಲವಂತಕ್ಕೂ ಅದಕ್ಕೂ, ಮರುಳುಮಾಡುವುದಕ್ಕೂ ಅದಕ್ಕೂ ಗೆರೆ ಎಲ್ಲಿದೆ? ಈ ಪ್ರಶ್ನೆಯನ್ನು ತತ್ತ್ವಜ್ಞಾನಿಗಳು ಬಹಳ ಹಿಂದಿನಿಂದ ಕೇಳಿಕೊಂಡು ಬಂದಿದ್ದಾರೆ. ಅವರಿಗಿಂತ ಹೆಚ್ಚು ಹಟದಿಂದ ಅದನ್ನು ಹಿಡಿದವರು ನಾಟಕದವರು. ರಂಗದ ಮೇಲೆ ಇಬ್ಬರು ಎದುರುಬದುರು ನಿಂತರೆ ಒಬ್ಬನಿಗೆ ಇನ್ನೊಬ್ಬನಿಂದ ಏನೋ ಒಂದು ಬೇಕಾಗಿರುತ್ತದೆ.

ನಮ್ಮ ರಾಜನೀತಿ ಸಾಮ, ದಾನ, ಭೇದ, ದಂಡ ಎಂದು ನಾಲ್ಕು ಉಪಾಯಗಳನ್ನು ಹೇಳುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಅವುಗಳನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ದಾನ ಆಸೆಯನ್ನು ಹಿಡಿಯುತ್ತದೆ, ಭೇದ ನಂಟನ್ನು ಒಡೆಯುತ್ತದೆ, ದಂಡ ಹೆದರಿಸುತ್ತದೆ. ಎದುರಿನವನ ವಿವೇಕದ ಜೊತೆ ಮಾತಾಡುವುದು ಸಾಮ ಮಾತ್ರ. ಗುರುತಿಸುವುದಕ್ಕೆ ನಾನು ನಂಬಿರುವ ಪರೀಕ್ಷೆ ಸರಳವಾದದ್ದು: ಎದುರಿನವನು ‘ಒಲ್ಲೆ’ ಎಂದರೆ ಅವನಿಗೇನಾದರೂ ಕೇಡಾಗುತ್ತದೆಯೇ? ಆಗುತ್ತದೆ ಎಂದಾದರೆ ನಾವು ಆಡುತ್ತಿರುವುದು ಸಾಮದ ಮಾತಾಗಿ ಉಳಿದಿಲ್ಲ, ದನಿ ಎಷ್ಟೇ ಮೆತ್ತಗಿರಲಿ.

ಕಾಶ್ಮೀರದ ಮಮ್ಮಟ 11ನೇ ಶತಮಾನದ ಸುಮಾರಿಗೆ ‘ಕಾವ್ಯಪ್ರಕಾಶ’ ಬರೆದ. ಕಾವ್ಯದ ಪ್ರಯೋಜನಗಳನ್ನು ಹೇಳುವಾಗ ಅವನೊಂದು ಮಾತಿಗೆ ಬರುತ್ತಾನೆ, ಅದರ ಮೇಲೆ ವ್ಯಾಖ್ಯಾನಗಳೇ ಬೆಳೆದಿವೆ. ವೇದ ರಾಜನ ಹಾಗೆ ಆಜ್ಞಾಪಿಸುತ್ತದೆ. ಪುರಾಣ, ಇತಿಹಾಸಗಳು ಗೆಳೆಯನ ಹಾಗೆ ಒಳಿತು ಕೆಡುಕು ತಿಳಿಸುತ್ತವೆ. ಕಾವ್ಯ ಮಾತ್ರ ಪ್ರೀತಿಯ ಮಡದಿಯ ಹಾಗೆ, ರಸದಿಂದ ಮನಸ್ಸನ್ನು ಕರಗಿಸಿ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಕಾವ್ಯದ ಶಕ್ತಿಯನ್ನು ವಿವರಿಸಲು ಹೊರಟ ಶಾಸ್ತ್ರಕಾರ ಮನೆಯೊಳಗಿನ ಸಂಬಂಧವನ್ನೇ ಉಪಮೆಯಾಗಿ ತಂದದ್ದು ನನಗೆ ಬಹಳ ಮುಖ್ಯವೆನಿಸುತ್ತದೆ. ಆದರೂ ಈ ಉಪಮೆಯನ್ನು ಇದ್ದಹಾಗೇ ಒಪ್ಪಿಕೊಳ್ಳಲಾರೆ. ಕೈಕೇಯಿಯೂ ಪ್ರೀತಿಯ ಮಡದಿಯೇ ಅಲ್ಲವೇ?

ವಾಲ್ಮೀಕಿಯ ಅಯೋಧ್ಯಾಕಾಂಡವನ್ನು ಈ ಕಣ್ಣಿನಿಂದ ಓದಿದರೆ ಅದು ಮನವೊಲಿಕೆಯ ಬಗ್ಗೆ ಬರೆದ ದೊಡ್ಡ ಶಾಸ್ತ್ರಗ್ರಂಥದಂತೆ ಕಾಣುತ್ತದೆ. ರಾಮನ ಪಟ್ಟಾಭಿಷೇಕದ ಸುದ್ದಿ ತಂದ ಮಂಥರೆಗೆ ಕೈಕೇಯಿ ಸಂತೋಷದಿಂದ ಆಭರಣ ಕೊಡುತ್ತಾಳೆ. ರಾಮ ಬೇರೆ ಭರತ ಬೇರೆ ಎಂಬ ಭಾವನೆ ಆಗ ಅವಳಲ್ಲಿಲ್ಲ. ಮಂಥರೆಯ ಮೊದಲ ಪ್ರಯತ್ನ ಸೋತಿತು. ಆಮೇಲೆ ಅವಳು ತರ್ಕ ಬಿಟ್ಟು ಭಯ ಹಿಡಿಯುತ್ತಾಳೆ: ನಾಳೆ ನೀನು ಕೌಸಲ್ಯೆಯ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ, ನಿನ್ನ ಮಗ ಆಳಾಗುತ್ತಾನೆ. ಆಗಬಹುದಾದದ್ದನ್ನು ಆಗಿಯೇ ತೀರುತ್ತದೆ ಎಂಬಂತೆ ಹೇಳುವುದರಲ್ಲಿ ಅವಳ ಜಾಣತನವಿದೆ. ಇನ್ನು ಕೈಕೇಯಿ ದಶರಥನ ಮುಂದೆ ಮಾಡಿದ್ದನ್ನು ಮನವೊಲಿಕೆ ಎನ್ನಲು ನನಗೆ ಮನಸ್ಸಾಗದು. ಹಿಂದೆ ಯುದ್ಧದಲ್ಲಿ ಗಳಿಸಿದ ಎರಡು ವರಗಳು ಅವಳ ಕೈಯಲ್ಲಿವೆ. ಏನು ಬೇಕೆಂದು ಅವಳು ಬಾಯಿಬಿಡುವ ಮೊದಲೇ ಮುದುಕ ದಶರಥ, ರಾಮನ ಮೇಲೆ ಆಣೆ ಇಟ್ಟಾಗಿದೆ. ‘ಒಲ್ಲೆ’ ಎನ್ನುವ ಬಾಗಿಲು ಮುಚ್ಚಿದ ಮೇಲೆ ಅಲ್ಲಿ ನಡೆದದ್ದು ವಸೂಲಿ.

ಅದೇ ಕಾಂಡದಲ್ಲಿ ಇನ್ನೊಬ್ಬ ಮಡದಿ ಇದ್ದಾಳೆ. ರಾಮ ಕಾಡಿನ ಕಷ್ಟಗಳನ್ನೆಲ್ಲ ಹೇಳಿ ಸೀತೆಯನ್ನು ಅಯೋಧ್ಯೆಯಲ್ಲೇ ಉಳಿಯುವಂತೆ ಒಪ್ಪಿಸಲು ನೋಡುತ್ತಾನೆ. ಅವಳು ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಮುಳ್ಳಿದ್ದರೆ ನಾನೇ ಮುಂದೆ ನಡೆದು ತುಳಿದು ಹಾದಿ ಮಾಡುತ್ತೇನೆ ಎನ್ನುತ್ತಾಳೆ. ವನವಾಸ ನನ್ನ ಹಣೆಯಲ್ಲಿದೆಯೆಂದು ತವರಿನಲ್ಲಿ ಬ್ರಾಹ್ಮಣರು ಹೇಳಿದ್ದರು ಎನ್ನುತ್ತಾಳೆ. ಕೊನೆಗೆ, ನನ್ನ ತಂದೆ ಗಂಡಿನ ರೂಪದ ಹೆಣ್ಣನ್ನು ಅಳಿಯನಾಗಿ ತಂದನೇ ಎಂದು ಚುಚ್ಚುತ್ತಾಳೆ. ವಿಷ ಕುಡಿಯುತ್ತೇನೆ ಎಂಬ ಮಾತೂ ಬರುತ್ತದೆ. ಅಲ್ಲಿ ಸೀತೆ ಗೆರೆ ದಾಟಿದಳೆಂದೇ ನನ್ನ ಅಭಿಪ್ರಾಯ. ನಮ್ಮ ಎಷ್ಟೋ ಮನೆಗಳಲ್ಲಿ ಊಟ ಬಿಡುವುದು, ಮಾತು ಬಿಡುವುದು ಇದೇ ಜಾತಿಗೆ ಸೇರಿದ್ದು. ಆದರೂ ಕೈಕೇಯಿಯ ಜೊತೆ ಅವಳನ್ನು ಇಡಲಾಗದು. ಕೈಕೇಯಿ ಕೇಳಿದ್ದು ಇನ್ನೊಬ್ಬನ ವನವಾಸವನ್ನು, ಸೀತೆ ಕೇಳಿದ್ದು ತನ್ನದನ್ನು. ರಾಮ ಒಪ್ಪುವಾಗ, ನಿನ್ನ ಮನಸ್ಸು ಪೂರ್ತಿ ತಿಳಿಯದೆ ಕಾಡಿಗೆ ಕರೆದೊಯ್ಯಲು ಇಷ್ಟವಿರಲಿಲ್ಲ ಎಂಬರ್ಥದ ಮಾತಾಡುತ್ತಾನೆ. ವಾದ ಮುಗಿದಾಗ ಇಬ್ಬರಿಗೂ ಪರಸ್ಪರರ ಬಗ್ಗೆ ಮೊದಲು ಗೊತ್ತಿಲ್ಲದ ಒಂದು ವಿಷಯ ಗೊತ್ತಾಗಿತ್ತು.

ಗ್ರೀಸಿನಲ್ಲಿ ಪ್ಲೇಟೋಗೆ ಮಾತುಗಾರರ ಮೇಲೆ ಭಾರಿ ಅನುಮಾನ. ‘ಗೋರ್ಗಿಯಾಸ್’ ಸಂವಾದದಲ್ಲಿ ಅವನ ಸಾಕ್ರಟೀಸ್, ಈ ವಿದ್ಯೆ ಜನರಲ್ಲಿ ತಿಳಿವಳಿಕೆ ಹುಟ್ಟಿಸದೆ ಬರೀ ನಂಬಿಕೆ ಹುಟ್ಟಿಸುತ್ತದೆ ಎಂದು ದೂರುತ್ತಾನೆ. ಮಂಥರೆಯನ್ನು ಕಂಡವರು ಅದನ್ನು ಅಲ್ಲಗಳೆಯಲಾರರು. ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಹೀಗೆ ಕೈಬಿಡಲಿಲ್ಲ. ಮಾತು ಮನಸ್ಸಿಗೆ ನಾಟುವುದು ಮೂರು ದಾರಿಯಲ್ಲಿ ಎಂದ: ಆಡುವವನ ನಡತೆ, ಕೇಳುವವನ ಭಾವ, ಮಾತಿನೊಳಗಿನ ತರ್ಕ. ಇವುಗಳಲ್ಲಿ ನಡತೆಯ ಬಲ ಬಹಳ ದೊಡ್ಡದೆಂದೂ ಅವನು ಹೇಳುತ್ತಾನೆ.

ನಡತೆಯ ಬಲ ಎಂದರೇನೆಂದು ಸಾಗರದ ಬಳಿಯ ವರದಹಳ್ಳಿಯ ಆಸುಪಾಸಿನವರಿಗೆ ವಿವರಿಸಬೇಕಾಗಿಲ್ಲ. 1908ರಲ್ಲಿ ಹುಟ್ಟಿ 1973ರಲ್ಲಿ ವರದಹಳ್ಳಿಯಲ್ಲೇ ದೇಹ ಬಿಟ್ಟ ಶ್ರೀಧರ ಸ್ವಾಮಿಗಳು ಕನ್ನಡ, ಮರಾಠಿ ಎರಡೂ ನಾಡುಗಳಲ್ಲಿ ಸುತ್ತಿ ಉಪದೇಶ ಮಾಡಿದವರು. ಅಂಥವರು ಕೊನೆಯ ವರ್ಷಗಳನ್ನು ಇಲ್ಲಿ ಹೆಚ್ಚಾಗಿ ಏಕಾಂತದಲ್ಲಿ ಕಳೆದರು. ಅವರ ದನಿಯನ್ನೇ ಕೇಳದ ತಲೆಮಾರು ಇಂದಿಗೂ ಆ ಗುಡ್ಡದ ಮೆಟ್ಟಿಲು ಹತ್ತುತ್ತದೆ. ಬದುಕಿದ ರೀತಿಯೇ ಮಾತಿಗೆ ಜಾಮೀನು ನಿಂತಾಗ ಹೀಗಾಗುತ್ತದೆ. ಹಿಸ್ಸೆಯ ಜಗಲಿಗೂ ಈ ಮಾತು ಅನ್ವಯಿಸುತ್ತದೆ: ತನ್ನ ಮನೆಯ ಪಾಲಿನಲ್ಲಿ ತಮ್ಮನಿಗೆ ಅನ್ಯಾಯ ಮಾಡಿದ ಮಾವ ಎಷ್ಟು ಚೆನ್ನಾಗಿ ಮಾತಾಡಿದರೂ ಯಾರೂ ಕೇಳುವುದಿಲ್ಲ.

ಆಡುವವನು ಸಾಚಾ ಇದ್ದು, ಮಾತು ನಿಜವಿದ್ದರೂ ಸಾಲದು ಎಂಬುದನ್ನು ಕಾಳಿದಾಸ ತೋರಿಸಿದ. ‘ಶಾಕುಂತಲ’ದ ಐದನೆಯ ಅಂಕದಲ್ಲಿ ತುಂಬು ಬಸುರಿ ಶಕುಂತಲೆ ದುಷ್ಯಂತನ ಆಸ್ಥಾನದಲ್ಲಿ ನಿಂತಿದ್ದಾಳೆ. ಉಂಗುರ ಕಳೆದಿದೆ. ಉಳಿದದ್ದು ನೆನಪೊಂದೇ. ಒಂದು ದಿನ ಬಳ್ಳಿಮಾಡದಲ್ಲಿ ನೀನು ತಾವರೆ ಎಲೆಯ ನೀರನ್ನು ನನ್ನ ಸಾಕುಮರಿ ಜಿಂಕೆಗೆ ಹಿಡಿದೆ, ಅದು ನಿನ್ನ ಕೈಯಿಂದ ಕುಡಿಯಲಿಲ್ಲ, ನಾನು ಹಿಡಿದಾಗ ಕುಡಿಯಿತು ಎಂದು ಅವಳು ನೆನಪಿಸುತ್ತಾಳೆ. ಇಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ ಅದು. ರಾಜ ಅದನ್ನು ಹೆಂಗಸರ ಕಪಟವೆಂದು ತಳ್ಳಿಹಾಕುತ್ತಾನೆ. ಶಾಪದಿಂದ ಅವನ ನೆನಪು ಹೋಗಿತ್ತು, ಸರಿ. ಶಾಪವಿಲ್ಲದೆಯೂ ಕೇಳುವ ಕಿವಿ ಕಳೆದುಕೊಂಡ ಗಂಡಂದಿರು, ಅಪ್ಪಂದಿರು ಎಷ್ಟಿಲ್ಲ? ಶಕುಂತಲೆಯ ಮಾತು ಸೋತದ್ದು ಅವಳ ಕೊರತೆಯಿಂದ ಅಲ್ಲವೆಂದು ಪ್ರೇಕ್ಷಕರಿಗೆ ಗೊತ್ತಿದೆ. ಒಪ್ಪಿಸಲು ಆಗಲಿಲ್ಲ ಎಂದಮಾತ್ರಕ್ಕೆ ಅವಳು ಹೇಳಿದ್ದು ಸುಳ್ಳಾಗುವುದಿಲ್ಲ.

ಈ ವಿಚಾರವನ್ನು ಮಲೆನಾಡು, ಕರಾವಳಿಯ ಜನ ಅರೆದು ಕುಡಿದದ್ದು ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ಎದುರುಬದುರು ಕೂತ ಅರ್ಥಧಾರಿಗಳು ಅಲ್ಲಲ್ಲೇ ಮಾತು ಹೊಸೆಯುತ್ತಾರೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು. ‘ಕೃಷ್ಣ ಸಂಧಾನ’ದಲ್ಲಿ ಸಂಧಾನ ಮುರಿಯಲೇಬೇಕು, ಐದು ಊರನ್ನೂ ಕೌರವ ಕೊಡುವುದಿಲ್ಲ. ನೋಡಿದರೆ ಅದೂ ಹಿಸ್ಸೆಯ ಜಗಳವೇ, ಜಗಲಿಯ ಬದಲು ಆಸ್ಥಾನ. ಫಲ ಗೊತ್ತಿದ್ದೂ ಜನ ರಾತ್ರಿಯಿಡೀ ಕೂರುವುದು ವಾದದ ಘನತೆಗಾಗಿ. ಕೌರವನ ಅರ್ಥಧಾರಿ ದಡ್ಡನಂತೆ ಮಾತಾಡಿದರೆ ಪ್ರಸಂಗ ಕೆಟ್ಟಿತೆಂದೇ ಲೆಕ್ಕ. ಎದುರಾಳಿಯ ಪಕ್ಷಕ್ಕೆ ಪೂರ್ತಿ ಬಲ ಕೊಟ್ಟು ಕೇಳಿಸಿಕೊಳ್ಳುವ ಈ ಶಿಸ್ತನ್ನು ಇಷ್ಟು ಸಹಜವಾಗಿ ಕಲಿಸುವ ಬೇರೆ ಶಾಲೆ ನಮ್ಮ ಊರುಗಳಲ್ಲಿಲ್ಲ.

‘ವಾಲಿ ವಧೆ’ ಇನ್ನೂ ಆಳಕ್ಕಿಳಿಯುತ್ತದೆ. ಬಾಣ ಬಿಟ್ಟಾಗಿದೆ, ವಾಲಿ ಸಾಯುತ್ತಿದ್ದಾನೆ. ಗೆದ್ದವನು ಸುಮ್ಮನೆ ಹೊರಟುಹೋಗಬಹುದಿತ್ತು. ಆದರೆ ಮರೆಯಲ್ಲಿ ನಿಂತು ಏಕೆ ಹೊಡೆದೆ ಎಂದು ವಾಲಿ ಕೇಳುತ್ತಾನೆ, ರಾಮ ನಿಂತು ಉತ್ತರ ಕೊಡಬೇಕಾಗುತ್ತದೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ ಎನ್ನುತ್ತಾನೆ, ಈ ನೆಲ ಇಕ್ಷ್ವಾಕುಗಳದ್ದು ಎನ್ನುತ್ತಾನೆ. ಒಂದೊಂದು ಸಮರ್ಥನೆಗೂ ವಾಲಿ ಮರುಪ್ರಶ್ನೆ ಹಾಕುತ್ತಾನೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಂಥ ಪ್ರತಿನಾಯಕ ಪಾತ್ರಗಳ ವಾದಕ್ಕೇ ಹೆಸರಾದವರು. ಪ್ರಸಂಗದ ಪ್ರಕಾರ ವಾಲಿ ಕೊನೆಗೆ ಒಪ್ಪುತ್ತಾನೆ. ಕೇಳಿ ಮನೆಗೆ ಹೋಗುವವರೆಲ್ಲ ಒಪ್ಪಿರುತ್ತಾರೆಂದೇನೂ ಇಲ್ಲ. ಬಲ ಪ್ರಯೋಗಿಸಿದ ಮೇಲೂ ಕಾರಣ ಹೇಳುವ ಋಣ ಬಲಶಾಲಿಯ ಮೇಲೆ ಉಳಿಯುತ್ತದೆ ಎಂಬ ತತ್ತ್ವಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ನನಗೆ ಗೊತ್ತಿಲ್ಲ. ಮಗನ ಓದು, ಮಗಳ ಮದುವೆ, ತೋಟದ ಮಾರಾಟ ಎಲ್ಲವನ್ನೂ ನಿರ್ಧರಿಸಿಬಿಟ್ಟು ಕಾರಣ ಕೇಳಿದಾಗ “ನಿಂಗೆ ಅರ್ಥ ಆಗಲ್ಲ” ಎನ್ನುವ ಹಿರಿಯರು ಆ ಋಣ ತೀರಿಸದವರು.

ಸೊಫೊಕ್ಲಿಸನ ‘ಆಂಟಿಗನೆ’ಯಲ್ಲಿ ಹೀಮನ್ ತನ್ನ ತಂದೆ ಕ್ರಿಯೋನನ ಮುಂದೆ ವಿನಯದಿಂದಲೇ ಶುರುಮಾಡುತ್ತಾನೆ. ಊರಿನ ಜನ ಒಳಗೊಳಗೇ ಏನೆನ್ನುತ್ತಿದ್ದಾರೆಂದು ತಿಳಿಸುತ್ತಾನೆ. ಈ ವಯಸ್ಸಿನವನಿಂದ ನಾನು ಬುದ್ಧಿ ಕಲಿಯಬೇಕೇ ಎಂದು ತಂದೆ ಸಿಡುಕುತ್ತಾನೆ. ಆಮೇಲೆ ಅವನಿಗೆ ಬುದ್ಧಿ ಬರುತ್ತದೆ, ಆದರೆ ಅಷ್ಟರಲ್ಲಿ ಮಗನೂ ಹೆಂಡತಿಯೂ ಉಳಿಯುವುದಿಲ್ಲ.

ಭರತನ ಕಥೆ ಹೀಗಾಗಲಿಲ್ಲ. ಚಿತ್ರಕೂಟಕ್ಕೆ ಅವನು ತಾಯಂದಿರು, ಗುರುಗಳು, ಸೈನ್ಯ ಎಲ್ಲರನ್ನೂ ಕಟ್ಟಿಕೊಂಡು ಬರುತ್ತಾನೆ. ರಾಮ ಒಪ್ಪದಿದ್ದಾಗ ದರ್ಭೆ ಹಾಸಿ ಅವನೆದುರು ಉಪವಾಸ ಮಲಗುತ್ತಾನೆ. ಇದು ಕ್ಷತ್ರಿಯನಿಗೆ ತಕ್ಕದ್ದಲ್ಲ, ಏಳು ಎಂದು ರಾಮ ಹೇಳಿದಾಗ ಏಳುತ್ತಾನೆ. ಆ ಏಳುವಿಕೆ ನನಗೆ ಇಡೀ ಪ್ರಸಂಗದ ತಿರುಳು. ಬೆದರಿಕೆಯನ್ನು ಅವನೇ ಕೈಬಿಟ್ಟ ಮೇಲೆ ಪಾದುಕೆಯ ದಾರಿ ತೆರೆಯಿತು: ರಾಮನ ಮಾತೂ ಉಳಿಯಿತು, ಭರತ ಸಿಂಹಾಸನದಲ್ಲಿ ಕೂರಬೇಕಾಗಿಯೂ ಬರಲಿಲ್ಲ. ಹೊರಟಾಗ ಇಬ್ಬರ ಮನಸ್ಸಿನಲ್ಲೂ ಇಲ್ಲದ ಪರಿಹಾರವದು. ಒಬ್ಬರು ಗೆದ್ದು ಇನ್ನೊಬ್ಬರು ಸೋಲುವ ಮನವೊಲಿಕೆಗಿಂತ ಇದು ದೊಡ್ಡದೆಂದು ನಾನು ತಿಳಿದಿದ್ದೇನೆ.

ಹಿಸ್ಸೆಗೋ ಮದುವೆಗೋ ತೋಟದ ಮಾತಿಗೋ ಜಗಲಿಯಲ್ಲಿ ಕೂರುವ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ: ಲೆಕ್ಕದ ಪುಸ್ತಕ ತೆರೆಯುವ ಮೊದಲು ಮನೆಯ ಕಿರಿಯರಿಂದ ಮಾತು ಶುರುಮಾಡಿಸಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿರುವ ಹೆಂಗಸರನ್ನೂ ಕರೆದು ಕೂರಿಸಿ. ಅವರು ‘ಒಲ್ಲೆ’ ಎಂದರೆ, ಏಕೆಂದು ಕೇಳಿ, ಪೂರ್ತಿ ಹೇಳಲು ಬಿಡಿ.