ಉದ್ಯೋಗ, ವಿಯೋಗ ಮತ್ತು ಶ್ರಾವಕನ ಕರ್ತವ್ಯ

ಜೈನಧರ್ಮವು ವೈರಾಗ್ಯಪ್ರಧಾನವೆಂದು ಹೇಳುವವರು, ಅದು ಉದ್ಯೋಗವನ್ನೂ ಕಲಿಸಿದ ಧರ್ಮವೆಂಬುದನ್ನು ಅನೇಕ ವೇಳೆ ಮರೆಯುತ್ತಾರೆ. ಕಲ್ಪವೃಕ್ಷಗಳು ಕ್ಷೀಣಿಸಿ ಪ್ರಜೆಗಳು ಹಸಿವಿನಿಂದ ಕಂಗೆಟ್ಟಾಗ ಭಗವಾನ್ ಆದಿನಾಥರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದರು. ಅದೇ ಆದಿನಾಥರು ಆಸ್ಥಾನದಲ್ಲಿ ನರ್ತಿಸುತ್ತಿದ್ದ ನೀಲಾಂಜನೆಯ ಆಯುಷ್ಯವು ಕ್ಷಣಮಾತ್ರದಲ್ಲಿ ತೀರಿದುದನ್ನು ಕಂಡು ವಿರಕ್ತರಾದರು. ಆದರೆ ಸಿಂಹಾಸನದಿಂದ ಎದ್ದವರು ನೇರವಾಗಿ ವನಕ್ಕೆ ತೆರಳಲಿಲ್ಲ. ಭರತನಿಗೆ ಅಯೋಧ್ಯೆಯನ್ನೂ ಬಾಹುಬಲಿಗೆ ಪೌದನಪುರವನ್ನೂ ಒಪ್ಪಿಸಿ, ರಾಜ್ಯದ ವ್ಯವಸ್ಥೆ ಮಾಡಿದ ತರುವಾಯ ದೀಕ್ಷೆ ವಹಿಸಿದರು. ಕರ್ತವ್ಯನಿರ್ವಹಣೆ, ಅಗಲಿಕೆಯ ಅರಿವು, ಚಿಂತನೆ, ಹೊಣೆಯ ಹಸ್ತಾಂತರ ಎಂಬ ನಾಲ್ಕು ಮೆಟ್ಟಿಲುಗಳು ಈ ಒಂದು ಚರಿತೆಯಲ್ಲಿಯೇ ಕ್ರಮವಾಗಿ ಬಂದಿವೆ.

ಸಾಮಾನ್ಯ ಗೃಹಸ್ಥನ ಬಾಳಿನಲ್ಲಿ ಈ ಕ್ರಮ ತಪ್ಪುವುದು ಹೇಗೆ? ಯಾವ ಪೇಟೆಯಲ್ಲಾದರೂ ಕಾಣಬಹುದಾದ ಒಂದು ಸಂದರ್ಭವನ್ನು ನೋಡೋಣ. ನಲವತ್ತು ವರ್ಷ ಅಂಗಡಿ ನಡೆಸಿದ ವರ್ತಕನೊಬ್ಬನ ಪತ್ನಿ ತೀರಿಕೊಳ್ಳುತ್ತಾಳೆ. ಸೂತಕ ಕಳೆದ ಮರುದಿನವೇ ಆತ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುತ್ತಾನೆ. ಸೂರ್ಯಾಸ್ತಕ್ಕೆ ಮುಂಚೆ ಊಟಕ್ಕೆ ಬರುವಂತೆ ಸೊಸೆ ಹೇಳಿಕಳುಹಿಸಿದರೆ, ಲೆಕ್ಕ ಮುಗಿಯಲಿ ಎಂಬುದೇ ಉತ್ತರ. ಪತ್ನಿಯ ಕಾಲದಲ್ಲಿ ಒಂದು ದಿನವೂ ತಪ್ಪದಿದ್ದ ಅನಸ್ತಮಿ ನಿಯಮವು ಹೀಗೆ ಸಡಿಲವಾಗುತ್ತದೆ. ವ್ಯಾಪಾರ ಬಲ್ಲ ಮಗನು ಪಕ್ಕದಲ್ಲಿ ನಿಂತು ಅಪ್ಪಣೆಗಾಗಿ ಕಾಯುತ್ತಾನೆ. ಈ ವಯಸ್ಸಿನಲ್ಲಿಯೂ ಎಂತಹ ದುಡಿಮೆ ಎಂದು ನೆರೆಹೊರೆಯವರು ಹೊಗಳುತ್ತಾರೆ. ಆದರೆ ಆತನನ್ನು ಅಂಗಡಿಯಲ್ಲಿ ಹಿಡಿದಿರಿಸಿರುವುದು ವ್ಯಾಪಾರದ ಅಗತ್ಯವಲ್ಲ; ಬರಿದಾದ ಮನೆಯ ಭಯ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಇಷ್ಟವಿಯೋಗವನ್ನೂ ಎಣಿಸಿದೆ. ಪ್ರಿಯವಾದುದು ಅಗಲಿದಾಗ ಅದು ಮರಳಿ ದೊರೆಯಬೇಕೆಂದು ಮನಸ್ಸು ಎಡೆಬಿಡದೆ ಅದನ್ನೇ ಸುತ್ತುವುದು ಇದರ ಲಕ್ಷಣ. ಕಣ್ಣೀರು ಸುರಿಸುವವನಲ್ಲಿ ಮಾತ್ರ ಇದು ಇರುತ್ತದೆಂದು ತಿಳಿಯಬಾರದು. ಕಣ್ಣೀರೇ ಬಾರದಂತೆ ಖಾತೆಪುಸ್ತಕದಲ್ಲಿ ತಲೆಯಿಟ್ಟವನಲ್ಲಿಯೂ ಇದು ಒಳಗೊಳಗೇ ಉರಿಯಬಲ್ಲುದು. ಔಷಧವನ್ನೂ ಅದೇ ಅಧ್ಯಾಯವು ಹೇಳಿದೆ: ಅನಿತ್ಯ, ಅಶರಣ, ಸಂಸಾರ, ಏಕತ್ವ ಮೊದಲಾದ ಹನ್ನೆರಡು ಅನುಪ್ರೇಕ್ಷೆಗಳು. ಅನಿತ್ಯವನ್ನು ಭಾವಿಸುವುದೆಂದರೆ ಅಗಲಿದವರನ್ನು ಮರೆಯುವುದಲ್ಲ. ಅವರ ಸಹವಾಸವು ನಿಜವಾಗಿತ್ತು, ಅದಕ್ಕೊಂದು ಅವಧಿಯಿತ್ತು, ಅದು ಮುಗಿಯಿತು ಎಂಬ ಮೂರನ್ನೂ ಒಟ್ಟಿಗೆ ಒಪ್ಪುವುದು. ಇದಕ್ಕೆ ಬಿಡುವು ಬೇಕು. ಆ ಬಿಡುವನ್ನೇ ದುಡಿಮೆಯು ನುಂಗಿದರೆ ಔಷಧವು ಒಳಗೆ ಸೇರುವುದೆಂತು?

ಹಾಗಾದರೆ ದುಃಖದಲ್ಲಿರುವವನು ಕೈಕಟ್ಟಿ ಕೂರಬೇಕೆ? ಈ ಪ್ರಶ್ನೆಗೆ ಕರ್ನಾಟಕದ ಇತಿಹಾಸದಲ್ಲಿಯೇ ಉತ್ತರವುಂಟು. ಚಾಲುಕ್ಯರ ದಂಡನಾಯಕನಾಗಿದ್ದ ನಾಗದೇವನು ಮಡಿದಾಗ ಆತನ ಪತ್ನಿಯರಲ್ಲಿ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆ ಬದುಕಿ ಉಳಿದು, ಮಗನನ್ನು ಬೆಳೆಸಿದಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಲು ಆಶ್ರಯವಿತ್ತಳು. ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದಳು. ವಿಯೋಗದ ನಂತರ ಆಕೆ ಕೈಗೊಂಡ ಕಾರ್ಯವು ವರ್ತಕನ ದುಡಿಮೆಗಿಂತ ಕಡಿಮೆಯದೇನಲ್ಲ. ವ್ಯತ್ಯಾಸವಿರುವುದು ದಿಕ್ಕಿನಲ್ಲಿ. ಆಕೆಯ ಕಾರ್ಯದಿಂದ ಶಾಸ್ತ್ರವು ಸಾವಿರ ಕೈಗಳಿಗೆ ತಲುಪಿತು. ವರ್ತಕನ ದುಡಿಮೆಯಿಂದ ಮಗನ ಕೈಗೆ ಬರಬೇಕಾದುದೂ ಬರಲಿಲ್ಲ. ಶೋಕದಲ್ಲಿರುವವರು ತಮ್ಮ ಉದ್ಯೋಗವನ್ನು ಒರೆಗೆ ಹಚ್ಚಬೇಕಾದುದು ಇಲ್ಲಿಯೇ: ಇದರಿಂದ ಕೊಡುಗೆ ಬೆಳೆಯುತ್ತಿದೆಯೋ, ಹಿಡಿತ ಬೆಳೆಯುತ್ತಿದೆಯೋ?

ಈ ವಿವೇಕವು ಆಪತ್ತಿನ ದಿನ ಒಮ್ಮೆಲೇ ಹುಟ್ಟುವುದಿಲ್ಲ. ಅದಕ್ಕಾಗಿಯೇ ಶಿಕ್ಷಾವ್ರತಗಳಲ್ಲಿ ಸಾಮಾಯಿಕವಿದೆ. ಒಂದು ಮುಹೂರ್ತವೆಂದರೆ 48 ನಿಮಿಷ. ಅಹೋರಾತ್ರಿಗೆ 30 ಮುಹೂರ್ತಗಳು. ದಿನದಲ್ಲಿ ಒಂದು ಸಾಮಾಯಿಕ ಮಾಡುವವನು ಮೂವತ್ತರಲ್ಲಿ ಒಂದು ಪಾಲನ್ನು ಮಾತ್ರ ತನ್ನ ಆತ್ಮಕ್ಕೆ ಸಲ್ಲಿಸುತ್ತಾನೆ, ಉಳಿದ ಇಪ್ಪತ್ತೊಂಬತ್ತು ಪಾಲು ಸಂಸಾರಕ್ಕೇ ಸೇರಿದೆ. ವರ್ಷಕ್ಕೊಮ್ಮೆ ಮಾರ್ಚ್ 31ಕ್ಕೆ ಲಾಭನಷ್ಟ ನೋಡುವ ವರ್ತಕನಿಗೆ ಈ ದೈನಂದಿನ ತಾಳೆ ಹೊರೆಯಾಗಲಾರದು. ಅಂಗಡಿಯೂ ಮನೆಯೂ ತುಂಬಿರುವಾಗಲೇ ಏಕಾಂತದಲ್ಲಿ ಕೂರುವ ಅಭ್ಯಾಸವಿದ್ದವನಿಗೆ, ಮನೆ ಬರಿದಾದ ದಿನ ಏಕಾಂತವು ಅಪರಿಚಿತವೆನಿಸುವುದಿಲ್ಲ.

ಉದ್ಯೋಗವನ್ನು ಬಿಡುವುದಕ್ಕೂ ಆಚಾರ್ಯರು ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ ಹನ್ನೊಂದು ನಿಲಯಗಳಲ್ಲಿ ಎಂಟನೆಯದು ಆರಂಭತ್ಯಾಗ: ಸೇವೆ, ಕೃಷಿ, ವಾಣಿಜ್ಯಾದಿಗಳಿಂದ ನಿವೃತ್ತಿ. ಒಂಬತ್ತನೆಯದು ಪರಿಗ್ರಹತ್ಯಾಗ: ಸೊತ್ತಿನ ಮೇಲಣ ಮಮಕಾರವನ್ನು ಬಿಡುವುದು. ಹತ್ತನೆಯದು ಅನುಮತಿತ್ಯಾಗ: ಲೌಕಿಕ ಕಾರ್ಯಗಳಲ್ಲಿ ಸಮ್ಮತಿ ಕೊಡುವುದನ್ನೂ ಬಿಡುವುದು. ಮೊದಲು ಕೈ, ಬಳಿಕ ಒಡೆತನ, ಕಡೆಗೆ ಮಾತು. ಮಾತಿನ ಅಧಿಕಾರವನ್ನು ಸೊತ್ತಿಗಿಂತಲೂ ಮೇಲಿನ ಮೆಟ್ಟಿಲಿನಲ್ಲಿ ಇರಿಸಿರುವುದು ಗಮನಾರ್ಹ. ಬೀಗದ ಕೈ ಕೊಟ್ಟ ತಂದೆಯೂ ‘ನನ್ನನ್ನು ಕೇಳದೆ ಮಾಡಿದೆಯಾ?’ ಎಂದು ಕೇಳುವುದನ್ನು ಬಿಡಲಾರನು. ಈ ನಿಲಯಗಳನ್ನು ವಿಧಿಪೂರ್ವಕವಾಗಿ ಧರಿಸುವವರು ವಿರಳ. ಆದರೂ ಅವುಗಳ ಕ್ರಮವು ಎಲ್ಲ ಗೃಹಸ್ಥರಿಗೂ ದಾರಿ ತೋರುತ್ತದೆ. ವಾರದಲ್ಲಿ ಒಂದು ದಿನ ಅಂಗಡಿಗೆ ಹೋಗದಿರುವುದು, ಒಂದು ವ್ಯವಹಾರವನ್ನು ಪೂರ್ತಿಯಾಗಿ ಮಗನಿಗೋ ಮಗಳಿಗೋ ಬಿಡುವುದು, ಕೇಳಿದಲ್ಲದೆ ಸಲಹೆ ಹೇಳದಿರುವುದು, ಇವು ಯಾರಿಗೂ ಅಸಾಧ್ಯವಲ್ಲ.

ಬಸದಿಗಳ ಆಡಳಿತ ಮಂಡಳಿಗಳೂ ಈ ವಿಚಾರದಿಂದ ಹೊರಗುಳಿಯುವಂತಿಲ್ಲ. ಅಂಗಡಿ ಬಿಟ್ಟ ಹಿರಿಯರು ಟ್ರಸ್ಟಿನ ಕುರ್ಚಿಯನ್ನು ಹಿಡಿದು ಕುಳಿತರೆ ಪರಿಗ್ರಹವು ಸ್ಥಳ ಬದಲಾಯಿಸಿತೇ ಹೊರತು ತೊಲಗಲಿಲ್ಲ. ಧರ್ಮಕಾರ್ಯವೆಂಬ ಹೆಸರಿರುವುದರಿಂದ ಈ ಮೋಹವನ್ನು ಗುರುತಿಸುವುದು ಇನ್ನಷ್ಟು ಕಷ್ಟ. ಹಿರಿಯರ ಅನುಭವ ಬಸದಿಗೆ ಬೇಕು. ಅವಧಿ ಮುಗಿದಾಗ ಕಿರಿಯರಿಗೆ ಲೆಕ್ಕಪತ್ರ ಒಪ್ಪಿಸಿ, ಬೇಕಾದಾಗ ದೊರೆಯುವಂತೆ ಇರುವುದು ಆ ಅನುಭವಕ್ಕೆ ಶೋಭೆ. ಅಂತೆಯೇ ಊರಿನಲ್ಲಿ ಯಾರ ಮನೆಯಲ್ಲಾದರೂ ಸಾವು ಸಂಭವಿಸಿದಾಗ, ಕ್ರಿಯಾವಿಧಿಗಳು ಮುಗಿದೊಡನೆ ಸಮಾಜದ ಕರ್ತವ್ಯ ಮುಗಿಯಿತೆಂದು ಭಾವಿಸಬಾರದು. ಸಂಜೆಯ ಸ್ವಾಧ್ಯಾಯಕ್ಕೆ ಅವರನ್ನು ಕರೆದೊಯ್ಯುವವರೊಬ್ಬರು ಬೇಕು. ಹೊತ್ತು ಮುಳುಗುವ ಮುನ್ನ ಅವರ ಊಟವಾಯಿತೇ ಎಂದು ವಿಚಾರಿಸುವವರೊಬ್ಬರು ಬೇಕು. ಅಗಲಿದವರ ವಿಷಯವಾಗಿ ಅವರು ಆಡುವ ಮಾತನ್ನು ಅವಸರವಿಲ್ಲದೆ ಕೇಳುವವರು ಇದ್ದರೆ, ಅಂಗಡಿಯ ಬಾಗಿಲು ಸಕಾಲಕ್ಕೆ ಮುಚ್ಚುವುದಕ್ಕೆ ಅದೇ ಸಹಾಯವಾದೀತು.